ಬಿಕಾಂ ಆದ ಮೇಲೆ ಮತ್ತೊಂದು ಪದವಿಯೋ, ಸ್ನಾತಕೋತ್ತರವೋ?

ಡೊಂಬಿವಲಿ ಲೋಕಲ್

ಎಲ್ಲರಿಗೂ ನಮಸ್ಕಾರ. ನಾನು 2021ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿಕಾಂ ಮುಗಿಸಿದವಳು. ಕೊನೆಯ ವರ್ಷದ ಪರೀಕ್ಷೆಯನ್ನು ಕೋವಿಡ್ ಕಾಲದಲ್ಲಿ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಬರೆದ ತಂಡ ನಮ್ಮದು. ಈಗ ನನಗೆ 25 ವರ್ಷ. ಅಂಧೇರಿಯ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಂಬಳ ತಿಂಗಳಿಗೆ 28,000 ರೂಪಾಯಿ. ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್‌ಗಳ ನಡುವೆ ಎಕ್ಸೆಲ್ ಮ್ಯಾಕ್ರೊ ಬರೆಯುವುದನ್ನು ಕಲಿತೆ, ಅಲ್ಲಿಂದ ಪೈಥಾನ್‌ಗೆ ಬಂದೆ, ಮತ್ತು ನನಗೆ ಹಿಡಿಸುವ ಕೆಲಸ ಲೆಕ್ಕ ಬರೆಯುವುದಲ್ಲ, ಲೆಕ್ಕ ಮಾಡುವ ಯಂತ್ರಕ್ಕೆ ಹೇಳಿಕೊಡುವುದು ಎಂಬುದು ಒಂದು ಮಾರ್ಚ್ ತಿಂಗಳ ರಾತ್ರಿ ಕಚೇರಿಯಲ್ಲಿಯೇ ಹೊಳೆಯಿತು.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಬಿಸಿಎ ಎಂಬ ಕಂಪ್ಯೂಟರ್ ಪದವಿಗೆ ಮೊದಲಿನಿಂದ ಸೇರಿ ಮೂರು ವರ್ಷ ಓದುವುದು. ಇನ್ನೊಂದು, ಅದೇ ವಿಷಯದ ಸ್ನಾತಕೋತ್ತರವಾದ ಎಂಸಿಎಗೆ ನೇರವಾಗಿ ಸೇರಿ ಎರಡು ವರ್ಷ ಓದುವುದು. ಎರಡನೆಯದಕ್ಕೆ ಹನ್ನೆರಡನೆಯ ತರಗತಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು ಎನ್ನುತ್ತಾರೆ. ನಾನು ಜೂನಿಯರ್ ಕಾಲೇಜಿನಲ್ಲಿ ಗಣಿತದ ಬದಲು ಎಸ್‌ಪಿ, ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ತೆಗೆದುಕೊಂಡವಳು. ಹಾಗಾಗಿ ಬಿಸಿಎ ಕಡೆಗೇ ಮನಸ್ಸು ವಾಲಿದೆ. ಕುಂದಾಪುರದಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಪಾಸಾದ ನನ್ನ ಅಪ್ಪಯ್ಯನಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. "ಹತ್ತಿದ ಮೆಟ್ಟಿಲನ್ನೇ ಇಳಿದು ಮತ್ತೆ ಹತ್ತುವುದು ಯಾವ ಸೀಮೆಯ ಲೆಕ್ಕ?" ಎಂದು ಕೇಳುತ್ತಾರೆ. ಇಂಥದೇ ಸಂದರ್ಭದಲ್ಲಿ ನಿರ್ಧಾರ ಮಾಡಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮಾಟುಂಗಾ ಹಿರಿಯ

ತಂಗಿ, ನಿಮ್ಮ ತಂದೆಯವರ ಮಾತಿನಲ್ಲಿ ತಥ್ಯವಿದೆ. ಆದರೆ ಮೆಟ್ಟಿಲಿನ ಹೋಲಿಕೆ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದಕ್ಕೆ ನಮ್ಮ ಮನೆಯ ಹತ್ತಿರವೇ ಒಂದು ಸಾಕ್ಷಿಯಿದೆ. ಇಂದು ಐಸಿಟಿ ಎಂದು ಕರೆಯುವ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾಗಿ ಹುಟ್ಟಿದ ಯುಡಿಸಿಟಿಯಲ್ಲಿ ಆಗಿನ ಕಾಲಕ್ಕೆ ಬಿಎಸ್ಸಿ ಮುಗಿಸಿದವರೇ ಬಿಎಸ್ಸಿ (ಟೆಕ್) ಎಂಬ ಎರಡನೆಯ ಪದವಿಗೆ ಸೇರುತ್ತಿದ್ದರು. ಬಣ್ಣ, ಔಷಧಿ, ಪ್ಲಾಸ್ಟಿಕ್, ಬಟ್ಟೆಯ ಕಾರ್ಖಾನೆಗಳು ಅವರನ್ನು ಕಾದು ಕುಳಿತಿರುತ್ತಿದ್ದವು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಅವಕಾಶವಿದ್ದೂ ಅದನ್ನು ಬಿಟ್ಟು ಈ ಕಡೆಗೆ ಬಂದವರನ್ನು ನಾನು ಕಂಡಿದ್ದೇನೆ. ಅವರನ್ನು ಯಾರೂ ಅದೇ ಮೆಟ್ಟಿಲು ಮತ್ತೆ ಹತ್ತಿದವರು ಎಂದು ಆಡಿಕೊಳ್ಳಲಿಲ್ಲ, ಏಕೆಂದರೆ ಹೆಸರು ಪದವಿಯದಾದರೂ ಕಲಿಕೆ ಮುಂದಿನದಾಗಿತ್ತು. ಆದುದರಿಂದ ಹೆಸರನ್ನು ಬದಿಗಿಟ್ಟು ಪಠ್ಯಪಟ್ಟಿಯನ್ನು ತೆಗೆದು ನೋಡಿ. ಬಿಸಿಎ ಮೊದಲ ವರ್ಷದ ವಿಷಯಗಳಲ್ಲಿ ನಿಮಗೆ ಈಗಾಗಲೇ ತಿಳಿದಿರುವುದು ಎಷ್ಟು, ತಿಳಿಯದಿರುವುದು ಎಷ್ಟು?

ಐರೋಲಿ ಎಚ್‌ಆರ್

ಹಿರಿಯರು ಹೇಳಿದ ಕಾಲ ಬೇರೆ. ನಾನು ಈಗ ದಿನವೂ ಕುಳಿತು ನೋಡುವ ಅರ್ಜಿಗಳ ರಾಶಿಯಿಂದ ಹೇಳುತ್ತೇನೆ. ಹೊಸಬರ ನೇಮಕಾತಿಯಲ್ಲಿ ಅಭ್ಯರ್ಥಿಗಳನ್ನು ಮೊದಲು ಜರಡಿ ಹಿಡಿಯುವುದು ಮನುಷ್ಯರಲ್ಲ, ಒಂದು ಕೋಷ್ಟಕ. ಅದರಲ್ಲಿ ಎರಡು ಪ್ರತ್ಯೇಕ ಸಾಲುಗಳಿರುತ್ತವೆ. ಬಿಇ, ಬಿಟೆಕ್, ಎಂಸಿಎ ಒಂದು ಸಾಲು. ಬಿಎಸ್ಸಿ, ಬಿಸಿಎ ಇನ್ನೊಂದು ಸಾಲು. ಎರಡನೆಯ ಸಾಲಿನವರಿಗೆ ಸಾಮಾನ್ಯವಾಗಿ ಸಂಬಳ ಕಡಿಮೆ. ಅವರನ್ನು ತೆಗೆದುಕೊಂಡು, ಕೆಲಸದ ಜೊತೆಯಲ್ಲಿಯೇ ಕಂಪೆನಿಯ ಖರ್ಚಿನಲ್ಲಿ ಎಂಟೆಕ್ ಓದಿಸುವ ವಿಪ್ರೋದಂಥ ಯೋಜನೆಗಳೂ ಇವೆ, ಆದರೆ ಅವು ಆಗಷ್ಟೇ ಕಾಲೇಜಿನಿಂದ ಹೊರಬಂದ ಎಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಬಿಸಿಎ ಮುಗಿಸುವಾಗ ನಿಮಗೆ 28 ಆಗಿರುತ್ತದೆ, ಮತ್ತು ನೀವು 21ರ ಹುಡುಗರ ಸಾಲಿನಲ್ಲಿ ನಿಲ್ಲುತ್ತೀರಿ. ಎಂಸಿಎ ಮುಗಿಸುವಾಗ 27 ಆಗಿದ್ದರೂ ನಿಮ್ಮ ಸಾಲಿನವರು 23, 24ರವರು, ಮತ್ತು ನಿಮ್ಮ ನಾಲ್ಕು ವರ್ಷದ ಲೆಕ್ಕಪತ್ರದ ಅನುಭವ ಅಲ್ಲಿ ಒಂದು ತೂಕವಾಗಿ ಬರುತ್ತದೆ. ಬ್ಯಾಂಕು ಮತ್ತು ವಿಮೆಯ ತಂತ್ರಾಂಶ ಮಾಡುವ ತಂಡಗಳಿಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ತಿಳಿದ ಪ್ರೋಗ್ರಾಮರ್ ಸಿಗುವುದು ಅಪರೂಪ.

ಕಟುವಾಗಿ ಹೇಳಿದೆನಾದರೆ ಕ್ಷಮಿಸಿ. ಬಿಕಾಂ ನಂತರ ಬಿಸಿಎ ಎಂದು ಬರೆದ ಅರ್ಜಿಯನ್ನು ನಾನು ತಿರಸ್ಕರಿಸುವುದಿಲ್ಲ. ಏಕೆ ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು.

ಕೋಥರೂಡ್ ಕನ್ನಡಿಗ

ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಬಿಎಸ್ಸಿ ಮುಗಿಸಿ ಪುಣೆಗೆ ಬಂದು ಎಂಸಿಎ ಮಾಡಿದವನು. ಆಗ ಎಂಸಿಎ ಮೂರು ವರ್ಷದ್ದಾಗಿತ್ತು. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಅದನ್ನು ಎರಡು ವರ್ಷಕ್ಕೆ ಇಳಿಸಿದ್ದು 2020-21ರಿಂದ. ಈ ಬದಲಾವಣೆಯನ್ನು ಹೆಚ್ಚಿನವರು ಲಾಭವೆಂದೇ ಎಣಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂರು ವರ್ಷದ ಎಂಸಿಎಯಲ್ಲಿ ಮೊದಲ ವರ್ಷವಿಡೀ ನಮ್ಮಂಥ ಹೊರಗಿನವರಿಗಾಗಿಯೇ ಇತ್ತು. ಸಿ ಭಾಷೆ, ಡಿಸ್ಕ್ರೀಟ್ ಗಣಿತ, ಕಂಪ್ಯೂಟರಿನ ಒಳರಚನೆ, ಡೇಟಾ ಸ್ಟ್ರಕ್ಚರ್ ಎಲ್ಲವನ್ನೂ ಅಕ್ಷರಾಭ್ಯಾಸದಿಂದ ಕಲಿಸುತ್ತಿದ್ದರು. ವರ್ಷ ಕಳೆಯುವ ಹೊತ್ತಿಗೆ ಬಿಸಿಎ ಮಾಡಿ ಬಂದವರಿಗೂ ನಮಗೂ ಅಂತರ ತೀರಾ ಕಡಿಮೆಯಾಗಿತ್ತು. ಎರಡು ವರ್ಷದ ಎಂಸಿಎ ಆ ಅಡಿಪಾಯ ಈಗಾಗಲೇ ಬಿದ್ದಿದೆ ಎಂದು ಊಹಿಸಿಕೊಂಡು ಗೋಡೆ ಎಬ್ಬಿಸಲು ಹೊರಡುತ್ತದೆ. ಕಂಪ್ಯೂಟರ್ ಓದದೆ ಬಂದವರಿಗೆ ಬ್ರಿಜ್ ಕೋರ್ಸ್ ಕೊಡಬೇಕು ಎಂದು ನಿಯಮದಲ್ಲಿಯೇ ಇದೆ, ನಿಜ. ಆದರೆ ಒಂದು ವರ್ಷದಲ್ಲಿ ಕಲಿತದ್ದನ್ನು ಕೆಲವು ವಾರಗಳ ತರಗತಿಯಲ್ಲಿ ಹಿಡಿಸುವುದು ಎಷ್ಟು ಸಾಧ್ಯ ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು. ನಮ್ಮ ತಂಡಕ್ಕೆ ಬರುವ ಎಂಸಿಎ ಅಭ್ಯರ್ಥಿಗಳನ್ನು ನಾನೇ ಸಂದರ್ಶನ ಮಾಡುತ್ತೇನೆ. ಹೆಸರಿನ ಮುಂದೆ ಸ್ನಾತಕೋತ್ತರ ಪದವಿಯಿದ್ದು, ಒಂದು ಪಟ್ಟಿಯನ್ನು ವಿಂಗಡಿಸುವ ಎರಡು ವಿಧಾನಗಳಲ್ಲಿ ಯಾವುದು ಬೇಗ, ಏಕೆ ಬೇಗ ಎಂದು ಕೇಳಿದರೆ ಮೌನವಾಗುವವರು ಬರುತ್ತಾರೆ. ಐರೋಲಿಯ ಎಚ್‌ಆರ್ ಅವರ ಕೋಷ್ಟಕ ದಾಟಿದ ಮೇಲೆ ನಮ್ಮ ಮೇಜು ಬರುತ್ತದೆ ಎಂಬುದನ್ನು ಮರೆಯಬಾರದು.

ಹಾಗಿದ್ದೂ ನನ್ನ ಸಲಹೆ ಎಂಸಿಎಗೇ. ಅಡಿಪಾಯವನ್ನು ಸೇರುವ ಮೊದಲೇ ನೀವು ಹಾಕಿಕೊಳ್ಳಬೇಕು, ಅಷ್ಟೆ. ಮೂರು ವರ್ಷದ ಬಿಸಿಎಯಲ್ಲಿ ನಿಮಗೆ ನಿಜವಾಗಿ ಬೇಕಾಗಿರುವುದು ಐದಾರು ವಿಷಯಗಳು. ಆ ಐದಾರು ವಿಷಯಗಳಿಗಾಗಿ ಮೂರು ವರ್ಷ ಕೊಡುವುದು, ಒಂದು ಕಿಲೋ ಅಕ್ಕಿಗಾಗಿ ಗದ್ದೆ ಕೊಂಡಂತೆ.

ಠಾಣೆಯ ನಿವೃತ್ತ ಗುಮಾಸ್ತ

ನಾನು ಒಂದು ಕಾಲೇಜಿನ ಕಚೇರಿಯಲ್ಲಿ 31 ವರ್ಷ ಪ್ರವೇಶದ ಕಾಗದಪತ್ರಗಳನ್ನೇ ನೋಡಿಕೊಂಡವನು. ಇಲ್ಲಿಯವರೆಗೆ ಯಾರೂ ಮುಟ್ಟದ ಒಂದು ಸಂಗತಿಯನ್ನು ಹೇಳುತ್ತೇನೆ.

ತಂಗೀ, ನೀವು ಹನ್ನೆರಡನೆಯದರಲ್ಲಿ ಗಣಿತ ಓದಿಲ್ಲ ಎಂದಿರಿ. ಆದರೆ ನೀವು ಮುಂಬಯಿ ವಿಶ್ವವಿದ್ಯಾಲಯದ ಬಿಕಾಂ. ನಿಮ್ಮ ಎಫ್‌ವೈ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ. ಮೊದಲ ವರ್ಷದ ಎರಡೂ ಸೆಮಿಸ್ಟರಿನಲ್ಲಿ 'ಮ್ಯಾಥಮೆಟಿಕಲ್ ಆ್ಯಂಡ್ ಸ್ಟ್ಯಾಟಿಸ್ಟಿಕಲ್ ಟೆಕ್ನಿಕ್ಸ್' ಎಂಬ ಪತ್ರಿಕೆ ಇರುತ್ತದೆ. ಎಂಸಿಎ ನಿಯಮದಲ್ಲಿ ಬಹಳ ವರ್ಷ ಇದ್ದದ್ದು "ಹನ್ನೆರಡನೆಯದರಲ್ಲಿ ಅಥವಾ ಪದವಿಯ ಹಂತದಲ್ಲಿ ಗಣಿತ" ಎಂದು, "ಮತ್ತು" ಎಂದಲ್ಲ. ಈಚೆಗೆ ಎಐಸಿಟಿಇ ಅದನ್ನೂ "ಇದ್ದರೆ ಒಳ್ಳೆಯದು" ಎಂಬಷ್ಟಕ್ಕೆ ಸಡಿಲಿಸಿದೆ. ಪದವಿಯಲ್ಲಿ ಶೇಕಡಾ 50 ಅಂಕ ಇರಬೇಕು, ಮೀಸಲು ವರ್ಗದವರಿಗೆ 45. ನಿಮ್ಮ ಪತ್ರಿಕೆಯನ್ನು ಗಣಿತವೆಂದು ಒಪ್ಪುತ್ತಾರೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲು ದಾಖಲೆ ಪರಿಶೀಲಿಸುವ ಕೇಂದ್ರಕ್ಕೆ ಅಂಕಪಟ್ಟಿಯ ಸಮೇತ ಹೋಗಿ ಕೇಳಿ. ಫೋನಿನಲ್ಲಿ ಕೇಳಬೇಡಿ. ಫೋನಿನಲ್ಲಿ ಹೇಳಿದ ಮಾತಿಗೆ ಮೊಹರು ಇರುವುದಿಲ್ಲ.

ಬಿಸಿಎ ಎಂದರೆ ಹೋಗಿ ಫೀಸು ಕಟ್ಟಿ ಕೂರುವುದು ಎಂಬ ಕಾಲವೂ ಮುಗಿಯಿತು. 2024ರಿಂದ ಎಐಸಿಟಿಇ ಅದನ್ನು ತನ್ನ ಅಡಿಗೆ ತಂದುಕೊಂಡಿದ್ದು, ಮಹಾರಾಷ್ಟ್ರದಲ್ಲಿ ಅದಕ್ಕೂ ಸಿಇಟಿ ಬಂದಿದೆ. ಎಂಸಿಎಗೂ ಸಿಇಟಿ, ಬಿಸಿಎಗೂ ಸಿಇಟಿ. ಪರೀಕ್ಷೆ ತಪ್ಪಿಸಿಕೊಳ್ಳಲು ಬಿಸಿಎ ಆರಿಸುವುದಾದರೆ ಆ ಬಾಗಿಲೂ ಮುಚ್ಚಿದೆ. ಬಿಎಸ್ಸಿ ಐಟಿಗಂತೂ ಸಾಮಾನ್ಯವಾಗಿ ಹನ್ನೆರಡನೆಯದರ ಗಣಿತವನ್ನೇ ಕೇಳುತ್ತಾರೆ.

ಇನ್ನೊಂದು ಮಾತು ವಿದ್ಯಾರ್ಥಿವೇತನ ಪಡೆಯುವ ವರ್ಗಗಳವರಿಗೆ, ಮುಂದೆ ಈ ಚರ್ಚೆಯನ್ನು ಓದುವವರಿಗೂ ಸೇರಿಸಿ. ಮೆಟ್ರಿಕ್ ನಂತರದ ಸರ್ಕಾರಿ ವಿದ್ಯಾರ್ಥಿವೇತನ, ಒಂದು ಹಂತವನ್ನು ಪಾಸಾದ ಮೇಲೆ ಅದೇ ಹಂತದಲ್ಲಿ ಬೇರೆ ವಿಷಯ ಓದುವವರಿಗೆ ಸಿಗುವುದಿಲ್ಲ. ನಿಯಮದಲ್ಲಿ ಕೊಟ್ಟಿರುವ ಉದಾಹರಣೆಯೇ ಬಿಎ ಆದ ಮೇಲೆ ಬಿಕಾಂ. ಇದು ತಿಳಿಯದೆ ಎರಡನೆಯ ಪದವಿಗೆ ಸೇರಿ, ಮಹಾರಾಷ್ಟ್ರ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಮಹಾಡಿಬಿಟಿಯಲ್ಲಿ ಅರ್ಜಿ ತಿರಸ್ಕೃತವಾದ ಮೇಲೆ ನನ್ನ ಮೇಜಿನ ಮುಂದೆ ಅತ್ತವರು ಒಬ್ಬಿಬ್ಬರಲ್ಲ. ಸ್ನಾತಕೋತ್ತರ ಮೇಲಿನ ಹಂತವಾದ್ದರಿಂದ ಆ ತೊಡಕು ಇಲ್ಲ.

ವಾಸ್ಕೋ ಟೀಚರ್

ಗುಮಾಸ್ತರ ಮಾತು ಓದಿ ನನ್ನದೇ ಕಥೆ ನೆನಪಾಯಿತು. ನಾನು ಗೋವಾದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಬಿಎ ಆದ ಕೂಡಲೇ, ಮೇಲಿನದು ಓದಿದರೆ ಮೇಲಿನ ಕೆಲಸ ಸಿಗುತ್ತದೆ ಎಂಬ ನಂಬಿಕೆಯಿಂದ ಎಂಎ ಮಾಡಿದೆ. ಶಾಲೆಗೆ ಅರ್ಜಿ ಹಾಕಿದಾಗ ಅವರು ನೋಡಿದ್ದು ಬಿಎಡ್ ಇದೆಯೇ ಎಂದು ಮಾತ್ರ. ಹೆಸರಿಗೆ ಬ್ಯಾಚುಲರ್ ಎಂದಿದ್ದರೂ ಅದು ಪದವಿ ಆದವರಿಗಷ್ಟೇ ಇರುವ ಓದು, 2015ರಿಂದ ಎರಡು ವರ್ಷದ್ದು. ಎಂಎ ಮುಗಿಸಿದ ಮೇಲೆ ಮತ್ತೆ ಬ್ಯಾಚುಲರ್ ತರಗತಿಯಲ್ಲಿ ಕುಳಿತೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ನನ್ನ ತಂಗಿಯೂ ಬಿಎಡ್ ಮಾಡಿ ಪ್ರಾಥಮಿಕ ಶಾಲೆಯ ಹುದ್ದೆಗೆ ಕಾಯುತ್ತಿದ್ದಳು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದರಿಂದ ಐದನೆಯ ತರಗತಿಗಳಿಗೆ ಬಿಎಡ್ ಅರ್ಹತೆಯಲ್ಲ, ಡಿಎಲ್‌ಎಡ್ ಡಿಪ್ಲೊಮಾವೇ ಬೇಕು ಎಂದು ತೀರ್ಪು ಕೊಟ್ಟಿತು. ಪದವಿಗಿಂತ ಡಿಪ್ಲೊಮಾ ಕೆಳಗಿನದಲ್ಲವೇ ಎಂದು ನಮ್ಮ ಅಮ್ಮ ಇಂದಿಗೂ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವುದು ಬೇರೆಯೇ ವಿದ್ಯೆ ಎಂದು ನಾನು ಹೇಳುತ್ತೇನೆ, ಅವರಿಗೆ ಸಮಾಧಾನವಾಗುವುದಿಲ್ಲ. ನೀವು ಹೋಗಬೇಕೆಂದಿರುವ ಕೆಲಸದ ಜಾಹೀರಾತುಗಳನ್ನು ಹತ್ತಾದರೂ ಓದಿ, ಅರ್ಹತೆ ಎಂಬ ಸಾಲಿನಲ್ಲಿ ಏನು ಬರೆದಿದೆಯೋ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಅದನ್ನು ಮಾಡದೆ ಎರಡು ವರ್ಷ ಹಿಂದುಮುಂದಾದೆ.

ಶಿವಾಜಿನಗರ ವಕೀಲ

ವಕೀಲಿಯಲ್ಲಿಯೂ ಇದೇ ಕಥೆ. ಎಂಎ ಮಾಡಿ, ಹದಿನೈದು ವರ್ಷ ನೌಕರಿ ಮಾಡಿ, 42ನೆಯ ವಯಸ್ಸಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ಎಲ್‌ಎಲ್‌ಬಿ ಇಲ್ಲದೆ ಎಲ್‌ಎಲ್‌ಎಂ ಇಲ್ಲ, ಅಂಚೆಯಲ್ಲಿ ಓದಿದ ಕಾನೂನು ಪದವಿಗೆ ಬಾರ್ ಕೌನ್ಸಿಲ್‌ನಲ್ಲಿ ಬೆಲೆಯಿಲ್ಲ, ಆದ್ದರಿಂದ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಕಾನೂನು ಬಾಗಿಲಲ್ಲಿ ನಿಂತು ಇಂಥ ಪದವಿಯೇ ಬೇಕು ಎನ್ನುವ ವೃತ್ತಿಗಳಲ್ಲಿ ಎರಡನೆಯ ಪದವಿ ಅನಿವಾರ್ಯ. ಕಂಪ್ಯೂಟರ್ ಕೆಲಸಕ್ಕೆ ಹಾಗೆ ಹೇಳುವ ಕಾನೂನು ಯಾವುದೂ ಇಲ್ಲ.

ಡೊಂಬಿವಲಿ ಲೋಕಲ್

ಎಲ್ಲರಿಗೂ ಕೃತಜ್ಞತೆಗಳು. ಗುಮಾಸ್ತರು ಹೇಳಿದಂತೆ ಅಂಕಪಟ್ಟಿ ತೆಗೆದು ನೋಡಿದೆ. ಆ ಪತ್ರಿಕೆ ಎರಡೂ ಸೆಮಿಸ್ಟರಿನಲ್ಲಿದೆ. ಒಟ್ಟಾರೆ ಅಂಕ ಶೇಕಡಾ 50ಕ್ಕಿಂತ ಸಾಕಷ್ಟು ಮೇಲಿದೆ.

ಆದರೆ ಸುಳ್ಳು ಹೇಳಬಾರದು. ಮೊದಲ ಸೆಮಿಸ್ಟರಿನಲ್ಲಿ ಅದೇ ಪತ್ರಿಕೆಯಲ್ಲಿ ನನಗೆ ಎಟಿಕೆಟಿ, ಅಂದರೆ ನಪಾಸಾದರೂ ಮುಂದಕ್ಕೆ ಹೋಗುವ ಅನುಮತಿ, ಬಂದಿತ್ತು, ಮರುಪರೀಕ್ಷೆಯಲ್ಲಿ ಪಾಸಾದೆ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಾಗ ನನಗೆ ನಾನೇ ಒಪ್ಪಿಕೊಳ್ಳಬೇಕಾದ ಸಂಗತಿ ಕಂಡಿತು. ಎಂಸಿಎಗೆ ಅರ್ಹತೆ ಇಲ್ಲ ಎಂದು ನಾನು ಬಿಸಿಎ ಕಡೆ ವಾಲಿದ್ದಲ್ಲ, ಗಣಿತದ ಹೆದರಿಕೆಯಿಂದ ವಾಲಿದ್ದೆ. ಅರ್ಹತೆ ಇಲ್ಲ ಎನ್ನುವುದು ಮನೆಯಲ್ಲಿ ಹೇಳಲು ಅನುಕೂಲವಾದ ಕಾರಣವಾಗಿತ್ತು. ಬಿಸಿಎಯಲ್ಲಿ ಗಣಿತ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಮೂರು ವರ್ಷದಲ್ಲಿ ಅದು ನಿಧಾನವಾಗಿ ಬರುತ್ತದೆ ಎಂಬ ಭಾವನೆ.

ಕೋಥರೂಡಿನವರ ಅಕ್ಕಿ ಗದ್ದೆಯ ಮಾತನ್ನು ನನ್ನ ಭಾಷೆಯಲ್ಲಿ ಲೆಕ್ಕ ಹಾಕಿದೆ. ನನ್ನ ವರ್ಷದ ಸಂಬಳ 3,36,000. ಕೆಲಸ ಬಿಟ್ಟು ಬಿಸಿಎ ಓದಿದರೆ ಕೈಬಿಡುವ ಸಂಬಳ 10,08,000, ಎಂಸಿಎ ಆದರೆ 6,72,000, ಫೀಸು ಬೇರೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಇದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಮತ್ತು ಸಂಬಳವೇ ಇಲ್ಲದ ವರ್ಷಗಳಲ್ಲಿ ವಿನಾಯಿತಿಯಿಂದ ಏನು ಉಪಯೋಗ ಎಂದು ನಗು ಬಂತು.

ಭಾನುವಾರದ ವಿದ್ಯಾರ್ಥಿ

ಮೀರಾ ರೋಡ್‌ನಿಂದ ಬರೆಯುತ್ತಿದ್ದೇನೆ. ನಾನು ಎಂಕಾಂ ಆದವನು, ಬ್ಯಾಂಕಿನಲ್ಲಿ ನೌಕರಿ, ಮತ್ತು ಎರಡನೆಯ ಪದವಿಯನ್ನೇ ಓದುತ್ತಿರುವವನು. ಆದ್ದರಿಂದ ಇಲ್ಲಿ ಅಲ್ಪಸಂಖ್ಯಾತನಾಗಿ ಮಾತನಾಡುತ್ತೇನೆ.

ಐಐಟಿ ಮದ್ರಾಸ್ 2021ರಲ್ಲಿ ಆರಂಭಿಸಿದ ಡೇಟಾ ಸೈನ್ಸ್‌ನ ಆನ್‌ಲೈನ್ ಬಿಎಸ್ ಓದುತ್ತಿದ್ದೇನೆ. ಅದಕ್ಕೆ ಹನ್ನೆರಡನೆಯದರ ಗಣಿತ ಬೇಕಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿ ಹನ್ನೆರಡನೆಯದು ಯಾವ ವಿಭಾಗದಲ್ಲಿ ಮುಗಿಸಿದ್ದರೂ ಸಾಕು. ಜೆಇಇ ಇಲ್ಲ. ಬದಲಿಗೆ ನಾಲ್ಕು ವಾರ ಪಾಠ ಕೇಳಿ, ಅಸೈನ್‌ಮೆಂಟ್ ಸಲ್ಲಿಸಿ, ಕ್ವಾಲಿಫೈಯರ್ ಪರೀಕ್ಷೆ ಬರೆಯಬೇಕು. ಆಮೇಲಿನ ಅಡಿಪಾಯದ ಹಂತದಲ್ಲಿ ಎಂಟು ವಿಷಯಗಳು: ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು, ಇಂಗ್ಲಿಷ್ ಎರಡು, ಕಂಪ್ಯೂಟರ್ ಚಿಂತನಾಕ್ರಮ ಒಂದು, ಪೈಥಾನ್ ಒಂದು. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ನನ್ನ ಭಾನುವಾರಗಳು ಹೋದದ್ದು ಅಲ್ಲಿಗೆ. ಇಷ್ಟವಾದ ಹಂತದಲ್ಲಿ ಡಿಪ್ಲೊಮಾ ಪಡೆದು ಹೊರಬರಬಹುದು, ಬಿಎಸ್‌ಸಿಯಲ್ಲಿ ನಿಲ್ಲಬಹುದು, ನಾಲ್ಕು ವರ್ಷದ ಬಿಎಸ್‌ವರೆಗೂ ಹೋಗಬಹುದು.

ಕೋಥರೂಡಿನವರು ಸೇರುವ ಮೊದಲೇ ಅಡಿಪಾಯ ಹಾಕಿಕೊಳ್ಳಿ ಎಂದರು. ಹೇಳುವುದು ಸುಲಭ. ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ ಪರೀಕ್ಷೆಯ ದಿನಾಂಕ ಎಂಬ ಲಗಾಮು ಇಲ್ಲದಿದ್ದರೆ ಪುಸ್ತಕ ತೆರೆಯುವುದಿಲ್ಲ. ಪದವಿಯ ಚೌಕಟ್ಟು ನನಗೆ ಕೊಟ್ಟದ್ದು ಆ ಲಗಾಮನ್ನು. ನಾನೂ ನಿಮ್ಮಂತೆಯೇ ವಾಣಿಜ್ಯದಿಂದ ಬಂದವನು, ಮತ್ತು ಮೊದಲ ಗಣಿತದ ವಿಷಯದಲ್ಲಿ ಒಮ್ಮೆ ನಪಾಸಾಗಿ ಮತ್ತೆ ಬರೆದವನು. ಎರಡನೆಯ ಸಲ ಓದುವಾಗ ತಿಳಿದದ್ದು ಇಷ್ಟು: ನನಗೆ ಬಾರದಿದ್ದದ್ದು ಹೊಸ ಗಣಿತವಲ್ಲ, ಒಂಬತ್ತನೆಯ ತರಗತಿಯ ಬೀಜಗಣಿತ.

ಕೋಥರೂಡ್ ಕನ್ನಡಿಗ

ಲಗಾಮಿನ ಮಾತು ಒಪ್ಪಿದೆ. ಸ್ವಂತವಾಗಿ ಓದಿ ಎಂದು ನಾನು ಸಲೀಸಾಗಿ ಹೇಳಿಬಿಟ್ಟೆ. ಆದರೆ ನೀವು ಎಂಕಾಂ ಆದವರು, ಬ್ಯಾಂಕಿನ ಕಾಯಂ ನೌಕರರು. ನಿಮಗೆ ಪದವಿ ಮುಗಿಯುವ ಅವಸರವಿಲ್ಲ. ಅವರಿಗೆ ಇದೆ. ನಾಲ್ಕೈದು ವರ್ಷ ಭಾನುವಾರಗಳನ್ನು ಕೊಟ್ಟು ಕೊನೆಗೆ ಎಚ್‌ಆರ್ ಅವರ ಕೋಷ್ಟಕದಲ್ಲಿ ಯಾವ ಸಾಲಿನಲ್ಲಿ ನಿಲ್ಲುತ್ತಾರೆ?

ಭಾನುವಾರದ ವಿದ್ಯಾರ್ಥಿ

ಪೂರ್ತಿ ಓದಲಿ ಎಂದು ನಾನೂ ಹೇಳುವುದಿಲ್ಲ. ಅಡಿಪಾಯದ ಹಂತವನ್ನು ಮಾತ್ರ ಓದಲಿ, ಅದೂ ಎಂಸಿಎ ಸಿಇಟಿಗೆ ತಯಾರಾಗುತ್ತಲೇ. ಆ ಸಿಇಟಿಯಲ್ಲಿ ಇರುವುದೂ ಗಣಿತ, ಸಂಖ್ಯಾಶಾಸ್ತ್ರ, ತರ್ಕ, ಇಂಗ್ಲಿಷ್, ಕಂಪ್ಯೂಟರಿನ ಪ್ರಾಥಮಿಕ ತಿಳಿವಳಿಕೆ. ಒಂದೇ ಓದು ಎರಡೂ ಕಡೆಗೆ ಒದಗುತ್ತದೆ. ಎಂಸಿಎ ಸಿಕ್ಕಿದ ಮೇಲೂ ಇದನ್ನು ಬಿಡಬೇಕಾಗಿಲ್ಲ, ಏಕೆಂದರೆ ಒಂದು ಪದವಿಯನ್ನು ಕಾಲೇಜಿನಲ್ಲಿಯೂ ಇನ್ನೊಂದನ್ನು ಆನ್‌ಲೈನಿನಲ್ಲಿಯೂ ಒಟ್ಟಿಗೆ ಓದಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಅನುಮತಿ ಕೊಟ್ಟಿದೆ. ನಾಲ್ಕು ವಾರದ ಕ್ವಾಲಿಫೈಯರ್‌ನಲ್ಲಿಯೇ ಗಣಿತ ನಿಮಗೆ ಶತ್ರುವೋ, ಬರಿಯ ಅಪರಿಚಿತವೋ ಎಂಬುದು ಗೊತ್ತಾಗುತ್ತದೆ. ಗೊತ್ತಾಗುವುದಕ್ಕಾಗಿ ಕೆಲಸ ಬಿಡಬೇಕಾಗಿಲ್ಲ.

ನ್ಯೂಜೆರ್ಸಿಯ ಮಾಜಿ ಚೆಂಬೂರಿಗ

ಒಂದು ಸಣ್ಣ ಸೇರ್ಪಡೆ. ಇಲ್ಲಿ ಅಮೆರಿಕದಲ್ಲಿಯೂ ಈ ಪ್ರಶ್ನೆ ಬಹಳ ಜನ ಕೇಳುವಂಥದು. ಬೇರೆ ವಿಷಯದಿಂದ ಬಂದವರನ್ನು ಹಲವು ವಿಶ್ವವಿದ್ಯಾಲಯಗಳು ಎರಡನೆಯ ಪದವಿಗೆ ಅಟ್ಟದೆ, ಕೊರತೆಯಿರುವ ಕೆಲವು ಪ್ರಾಥಮಿಕ ವಿಷಯಗಳನ್ನಷ್ಟೇ ಪಾಸು ಮಾಡಿಸಿ ಮಾಸ್ಟರ್ಸ್‌ಗೆ ಸೇರಿಸಿಕೊಳ್ಳುತ್ತವೆ. ಹಣದ ವಿಷಯದಲ್ಲಿಯೂ ಒಲವು ಆ ಕಡೆಗೇ. ಬೋಧನೆ, ಸಂಶೋಧನೆಗಳಲ್ಲಿ ಸಹಾಯಕರಾಗಿ ಶುಲ್ಕ ವಿನಾಯಿತಿ ಪಡೆಯುವ ಅವಕಾಶ ಮುಖ್ಯವಾಗಿ ಸ್ನಾತಕೋತ್ತರ ಮತ್ತು ಪಿಎಚ್‌ಡಿಯವರಿಗೆ. ಇಲ್ಲಿನ ನಾಗರಿಕರಿಗೆ ಸರ್ಕಾರ ಕೊಡುವ ಪೆಲ್ ಧನಸಹಾಯ, ಒಮ್ಮೆ ಪದವಿ ಪಡೆದವರಿಗೆ ಸಾಮಾನ್ಯವಾಗಿ ಇಲ್ಲ. ಠಾಣೆಯ ಗುಮಾಸ್ತರು ಹೇಳಿದ ನಿಯಮವನ್ನು ಓದಿದಾಗ ನಗು ಬಂತು. ಎರಡು ಸರ್ಕಾರಗಳೂ ನಿಮ್ಮ ಅಪ್ಪಯ್ಯನ ಪಕ್ಷದಲ್ಲಿವೆ.

ಮಾಟುಂಗಾ ಹಿರಿಯ

ನಾನು ಮೊದಲು ಕೊಟ್ಟ ಉದಾಹರಣೆಯನ್ನು ಈಗ ನಾನೇ ತಿದ್ದಬೇಕಾಗಿದೆ. ಯುಡಿಸಿಟಿಗೆ ಹೋದವರು ರಸಾಯನಶಾಸ್ತ್ರ ಓದಿಯೇ ರಾಸಾಯನಿಕ ತಂತ್ರಜ್ಞಾನಕ್ಕೆ ಹೋದವರು. ಅವರ ಎರಡನೆಯ ಪದವಿ ಮೊದಲನೆಯದರ ಹೆಗಲ ಮೇಲೆ ನಿಂತಿತ್ತು. ಈ ತಂಗಿಯ ಬಿಸಿಎ ಅವಳ ಬಿಕಾಂ ಅನ್ನು ಬದಿಗೆ ಸರಿಸಿ ನೆಲದಿಂದ ಶುರುವಾಗುತ್ತದೆ. ಇವೆರಡೂ ಒಂದೇ ಅಲ್ಲ. ಹಾಗೆ ನೋಡಿದರೆ ಇಂದಿನ ಬಿಎಸ್ಸಿಯವರು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ವ್ಯವಸ್ಥೆಯೇ ನನ್ನ ಉದಾಹರಣೆಗೆ ಹತ್ತಿರ. ಅಲ್ಲಿ ಹಳೆಯ ಓದಿಗೆ ಒಂದು ವರ್ಷದ ರಿಯಾಯಿತಿ ಸಿಗುತ್ತದೆ. ಬಿಸಿಎಯಲ್ಲಿ ಅವಳ ಮೂರು ವರ್ಷದ ಬಿಕಾಂಗೆ ಅಂಥ ರಿಯಾಯಿತಿ ಎಲ್ಲಿದೆ?

ಹೊಸ ಶಿಕ್ಷಣ ನೀತಿಯ ಲೆಕ್ಕವನ್ನೂ ನೋಡಿದೆ. ಮೂರು ವರ್ಷದ ಪದವಿಗೆ ಎರಡು ವರ್ಷದ ಸ್ನಾತಕೋತ್ತರ, ನಾಲ್ಕು ವರ್ಷದ ಆನರ್ಸ್‌ಗೆ ಒಂದು ವರ್ಷದ ಸ್ನಾತಕೋತ್ತರ. ಹೇಗೆ ಕೂಡಿದರೂ ಐದು. ಬಿಸಿಎಯಿಂದ ಹೊರಟರೆ ಅವಳು ಸ್ನಾತಕೋತ್ತರ ಮುಗಿಸುವುದು 30ರಲ್ಲಿ.

ತಂದೆಯವರಿಗೆ ಒಂದು ಮಾತು ಹೇಳಿ, ತಂಗಿ. ರಾತ್ರಿ ಶಾಲೆಯಲ್ಲಿ ಓದಿದವರಿಗೆ ಮೆಟ್ಟಿಲಿನ ಬೆಲೆ ಗೊತ್ತಿರುತ್ತದೆ, ಅವರ ಮೇಲೆ ಸಿಟ್ಟಾಗಬೇಡಿ.

ಐರೋಲಿ ಎಚ್‌ಆರ್

ಆನ್‌ಲೈನ್ ಎಂಸಿಎ ಸೇರಬಹುದೇ ಎಂದು ಇಬ್ಬರು ನನಗೆ ಖಾಸಗಿಯಾಗಿ ಕೇಳಿದ್ದಾರೆ. ಮಾನ್ಯತೆಯಿರುವ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿನ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಸೇರುವ ಮೊದಲು ಆ ಸಂಸ್ಥೆಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ. ಮೂರನ್ನೂ ನೋಡಬೇಕು. ಕಾಗದದ ಮೇಲೆ ಸಮಾನವಾದರೂ ಒಂದು ವ್ಯತ್ಯಾಸ ಉಳಿಯುತ್ತದೆ: ವಿಜೆಟಿಐಯಂಥ ಕಾಲೇಜಿನಲ್ಲಿ ಓದಿದರೆ ಕಂಪೆನಿಗಳು ಆವರಣಕ್ಕೇ ಬರುತ್ತವೆ, ಆನ್‌ಲೈನಿನಲ್ಲಿ ಓದಿದರೆ ಕಂಪೆನಿಗಳನ್ನು ನೀವು ಹುಡುಕಿಕೊಂಡು ಹೋಗಬೇಕು. ಕೆಲಸ ಬಿಡದೆ ಓದುವವರಿಗೆ ಅದೇನೂ ದೊಡ್ಡ ನಷ್ಟವಲ್ಲ.

ಡೊಂಬಿವಲಿ ಲೋಕಲ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬಿಸಿಎ ಯೋಚನೆಯನ್ನು ಕೈಬಿಟ್ಟಿದ್ದೇನೆ. ಕ್ವಾಲಿಫೈಯರ್‌ಗೆ ಹೆಸರು ಕೊಟ್ಟು ಎರಡು ವಾರದ ಪಾಠ ಮುಗಿಸಿದ್ದೇನೆ. ಬೆಳಗಿನ 7:40ರ ಫಾಸ್ಟ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಓದು ನಡೆಯುತ್ತದೆ, ಸಿಗದ ದಿನ ಪಾಠವನ್ನು ಕಿವಿಯಲ್ಲಿ ಕೇಳುತ್ತೇನೆ, ಆದರೆ ನಿಂತುಕೊಂಡು ಗ್ರಾಫ್ ಕೇಳಿ ಅರ್ಥ ಮಾಡಿಕೊಳ್ಳುವುದು ನನ್ನಿಂದಾಗಿಲ್ಲ. ಮೊದಲ ವಾರದ ಗಣಿತದಲ್ಲಿ ಹತ್ತಕ್ಕೆ ನಾಲ್ಕು ಸರಿಯಾಗಿದ್ದವು, ಎರಡನೆಯ ವಾರ ಏಳು. ಎಂಸಿಎ ಸಿಇಟಿಗೆ ಅರ್ಜಿ ಹಾಕುತ್ತೇನೆ. ಸರ್ಕಾರಿ ಶುಲ್ಕದ ಕಾಲೇಜು ಸಿಕ್ಕರೆ ಕೆಲಸ ಬಿಡುವುದು, ಸಿಗದಿದ್ದರೆ ಆನ್‌ಲೈನ್ ಎಂಸಿಎ ಎಂದು ಮನೆಯಲ್ಲಿ ಮಾತಾಗಿದೆ. ಅಪ್ಪಯ್ಯ "ಆಯ್ತು" ಎಂದರು. ಅವರ "ಆಯ್ತು"ವಿಗೆ ಎಷ್ಟು ಅರ್ಥಗಳಿವೆ ಎಂಬುದು ಅಮ್ಮನಿಗೆ ಮಾತ್ರ ಗೊತ್ತು.

ಗುಮಾಸ್ತರಲ್ಲಿ ಒಂದೇ ಪ್ರಶ್ನೆ. ಶನಿವಾರ ರಜೆ ಹಾಕಿ ಪರಿಶೀಲನಾ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಯಾವ ಕಾಗದಗಳನ್ನು ಒಯ್ಯಬೇಕು?

ಠಾಣೆಯ ನಿವೃತ್ತ ಗುಮಾಸ್ತ

ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಆರೂ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ವರ್ಗದ ದಾಖಲೆ ಇದ್ದರೆ ಅದು, ಮತ್ತು ಓದು ನಿಂತ ನಾಲ್ಕು ವರ್ಷಕ್ಕೆ ಉತ್ತರವಾಗಿ ನಿಮ್ಮ ಕಚೇರಿಯ ಅನುಭವ ಪತ್ರ. ಮೂಲಪ್ರತಿಗಳ ಜೊತೆ ಎರಡೆರಡು ಜೆರಾಕ್ಸ್. ಮೊದಲ ಸೆಮಿಸ್ಟರಿನ ಎರಡೂ ಅಂಕಪಟ್ಟಿಗಳನ್ನು ಒಯ್ಯಿರಿ, ಎಟಿಕೆಟಿ ಬಂದದ್ದೂ ಪಾಸಾದದ್ದೂ. ಮೊದಲನೆಯದನ್ನು ನಾಚಿಕೆಯಿಂದ ಮನೆಯಲ್ಲಿ ಬಿಟ್ಟು ಬಂದು, ಅದನ್ನು ತರಲು ಕಲ್ಯಾಣದವರೆಗೆ ಹಿಂದಿರುಗಿ ಹೋದವರನ್ನು ನಾನು ಬಹಳ ನೋಡಿದ್ದೇನೆ.